ರಂಗೋಲಿ ಪುಡಿಯ ಮೇಲಿನ ಹೆಜ್ಜೆಗಳು

ಮೂರು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ತುಮಕೂರಿನ ನಮ್ಮ ಬಡಾವಣೆಯಲ್ಲಿ, ಮನೆಯ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಇಟ್ಟಿದ್ದ ಮೂರು ಮೊಟ್ಟೆಗಳು ಒಂದೇ ರಾತ್ರಿಯಲ್ಲಿ ಕಾಣೆಯಾದವು. ರಾತ್ರಿ ಹೋದದ್ದರಿಂದ ಅದು ಕಾಗೆಯ ಅಥವಾ ಕೆಂಬೂತದ ಕೆಲಸವಾಗಿರಲಿಲ್ಲ. ಅದೇ ವಾರ ಪಕ್ಕದ ರಸ್ತೆಯಲ್ಲಿ ಕಣಜಗೂಬೆಯೊಂದು ಸತ್ತು ಬಿದ್ದಿತ್ತು. ಅದರ ಸಾವಿನ ಕಾರಣವನ್ನು ನಾನು ಪರೀಕ್ಷೆ ಮಾಡಿಸಲಿಲ್ಲ. ಆದರೆ ಇಲಿ ಕಾಟಕ್ಕೆ ಬೇಸತ್ತು ಹಲವು ಮನೆಯವರು ಬ್ರೋಮಾಡಿಯೋಲೋನ್ ಎಂಬ ಇಲಿವಿಷದ ಬಿಲ್ಲೆ ಇಡುತ್ತಿದ್ದರು. ಅದನ್ನು ತಿಂದ ಇಲಿ ಕೂಡಲೇ ಸಾಯದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು ಕೆಲವು ದಿನ ನಿತ್ರಾಣವಾಗಿ ಓಡಾಡುವುದರಿಂದ ಗೂಬೆಗೆ ಸುಲಭವಾಗಿ ಸಿಗುತ್ತದೆ, ಅದರ ಜೊತೆಗೇ ವಿಷವೂ ಗೂಬೆಯ ಮೈಸೇರುತ್ತದೆ.

ವಿಷ ಇಡುವ ಮೊದಲು ಯಾವ ಪ್ರಾಣಿ ಎಲ್ಲಿ ಓಡಾಡುತ್ತಿದೆ ಎಂದು ತಿಳಿಯೋಣವೆಂದು ನೆರೆಯವರನ್ನು ಕೇಳಿಕೊಂಡೆ. ನ್ಯೂಜಿಲೆಂಡ್ 2016ರಲ್ಲಿ, 2050ರೊಳಗೆ ಇಲಿ, ಸ್ಟೋಟ್ (ಮುಂಗುಸಿಯಂತಹ ಬೇಟೆ ಪ್ರಾಣಿ), ಪೋಸಮ್ (ಮರವೇರುವ ಹೊಟ್ಟೆಚೀಲದ ಪ್ರಾಣಿ) ಇವನ್ನು ದೇಶದಿಂದಲೇ ತೊಲಗಿಸುವ ಗುರಿ ಇಟ್ಟುಕೊಂಡಿತು. ಅಲ್ಲಿ ಜನರು ತಮ್ಮ ಹಿತ್ತಲಲ್ಲೇ ಹೆಜ್ಜೆಗುರುತು ಹಿಡಿದು ಇಲಿಗಳ ಇರವನ್ನು ಗುರುತಿಸುತ್ತಾರೆ. ಆ ಕ್ರಮವನ್ನು ತೆಗೆದುಕೊಂಡೆ, ಗುರಿಯನ್ನು ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಇಲಿಗಳು ಮನುಷ್ಯರೊಂದಿಗೆ ಬಂದವು. ನಮ್ಮಲ್ಲಿ ಅವು ಗೂಬೆಗೂ ಕೇರೆಹಾವಿಗೂ ಆಹಾರ. ಗೂಡುಗಳ ಹತ್ತಿರ ಅವು ಬೀಡು ಬಿಡದಿದ್ದರೆ ನಮಗೆ ಸಾಕು.

ಕಡಪ ಕಲ್ಲಿನ ತುಂಡಿನ ಮೇಲೆ ರಂಗೋಲಿ ಪುಡಿಯನ್ನು ತೆಳುವಾಗಿ ಜರಡಿ ಹಿಡಿದು, ಸಂಜೆ ದೀಪ ಹಚ್ಚಿದ ಮೇಲೆ ಕಾಂಪೌಂಡ್ ಗೋಡೆಯ ಬುಡದಲ್ಲಿಟ್ಟು, ಬೆಳಕು ಹರಿಯುವ ಮೊದಲೇ ತೆಗೆಯುತ್ತಿದ್ದೆವು. ತಡವಾದರೆ ಅಳಿಲುಗಳು ಓಡಾಡಿ ಗುರುತನ್ನೆಲ್ಲ ಅಳಿಸಿಬಿಡುತ್ತಿದ್ದವು. ಇಲಿಯ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ನಾನು ಇಲಿಯೆಂದು ಬರೆದುಕೊಂಡಿದ್ದ ಒಂದು ಕಲ್ಲನ್ನು, ದಿನವೂ ಬಾಗಿಲಿಗೆ ರಂಗೋಲಿ ಹಾಕುವ ಎದುರು ಮನೆಯ ಅಜ್ಜಿ ಬಗ್ಗಿ ನೋಡಿ, "ಸರಿಯಾಗಿ ಎಣಿಸಪ್ಪ, ಮುಂದೆಯೂ ಐದಿದೆ, ಇದು ಸುಂಡಿಲಿ" ಎಂದರು. ಉದ್ದ ಮೂತಿಯ ಸುಂಡಿಲಿ ಜಿರಲೆ, ಹುಳುಗಳನ್ನು ತಿನ್ನುವ ಪ್ರಾಣಿ. ಅದನ್ನು ಕೊಲ್ಲುವ ಅಗತ್ಯವೇ ಇಲ್ಲ. ಅಂದಿನಿಂದ ಕಲ್ಲು ಓದುವ ಕೆಲಸವನ್ನು ಅವರಿಗೇ ಒಪ್ಪಿಸಿದೆ.

ಹೆಜ್ಜೆಗಳನ್ನು ಬರೆದಿಟ್ಟಿದ್ದ ಎರಡು ತಿಂಗಳ ಪುಸ್ತಕವನ್ನು ಒಟ್ಟಿಗೆ ಕುಳಿತು ನೋಡಿದಾಗ, ಇಲಿಯ ಹೆಜ್ಜೆಗಳು ಹೆಚ್ಚಾಗಿ ಖಾಲಿ ನಿವೇಶನದ ತೆಂಗಿನ ಮಟ್ಟೆಯ ರಾಶಿಯ ಪಕ್ಕದಲ್ಲೂ, ನಾಯಿಯ ಅನ್ನದ ತಟ್ಟೆ ರಾತ್ರಿಯಿಡೀ ಹೊರಗಿರುತ್ತಿದ್ದ ಮನೆಗಳಲ್ಲೂ ಇದ್ದವು. ಮಟ್ಟೆ ತೆಗೆಸಿದೆವು, ತಟ್ಟೆಗಳು ಒಳಗೆ ಹೋದವು, ಇಲಿ ಹತ್ತದಂತೆ ತೆಂಗಿನ ಮರಗಳಿಗೆ ತಗಡಿನ ಪಟ್ಟಿ ಸುತ್ತಿದೆವು. ಉಳಿದ ಇಲಿಗಳಿಗೆ ಸುಟ್ಟ ಕೊಬ್ಬರಿ ಚೂರು ಕಟ್ಟಿದ ಬೋನು ಸಾಕಾಯಿತು. ಅಂಟು ಹಾಳೆಯನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ, ಏಕೆಂದರೆ ಅದರ ಮೇಲೆ ಹಲ್ಲಿ, ಹಕ್ಕಿಗಳೂ ಸಿಕ್ಕಿ ನರಳುತ್ತವೆ.

ಬೆಕ್ಕಿನ ಹೆಜ್ಜೆಗಳು ಮಾತ್ರ ಕಡಿಮೆಯಾಗಿಲ್ಲ. ಪಿಕಳಾರದ ಮರಿಗಳು ಗೂಡಿನಿಂದ ಇಳಿಯುವ ವಾರ ಬೆಕ್ಕನ್ನು ಒಳಗೇ ಇರಿಸಿಕೊಳ್ಳಲು ಮೂರು ಮನೆಯವರು ಒಪ್ಪಿದ್ದಾರೆ. ಉಳಿದವರ ಮನೆಗೆ ಈ ಫೆಬ್ರವರಿಯೊಳಗೆ ಹೋಗಿ ಕೇಳಬೇಕಿದೆ.