ತೋಟದ ಜೇಡದಿಂದ ಒಂದು ಗೇಣು ಹೊಲಿಗೆ ದಾರ

ನಾನು ತೀರ್ಥಹಳ್ಳಿ ಕಡೆಯ ದನದ ಡಾಕ್ಟರು. ಸೀಳಿದ ಕೆಚ್ಚಲು, ತಂತಿಬೇಲಿಗೆ ಸಿಕ್ಕಿ ಹರಿದ ತೊಡೆ, ನಾಯಿ ಕಚ್ಚಿದ ಕರು, ಹೀಗೆ ಹೊಲಿಗೆ ಹಾಕುವುದು ದಿನದ ಕೆಲಸ. ಕ್ಯಾಟ್‌ಗಟ್, ನೈಲಾನ್, ರೇಷ್ಮೆ ಎಲ್ಲವೂ ಕೈಗೆ ಅಭ್ಯಾಸ. ಜೇಡದ ದಾರ ತಲೆಗೆ ಹೊಕ್ಕಿದ್ದು ಮಾತ್ರ ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಂದ. ಕತ್ತಿ ತಾಗಿ ಬೆರಳು ಕೊಯ್ದುಕೊಂಡವರು ಸೀದಾ ಒಲೆ ಮೇಲಿನ ಇಲ್ಲಣ, ಅಂದರೆ ಮಸಿ ಹಿಡಿದ ಜೇಡರ ಬಲೆ, ತೆಗೆದು ಗಾಯಕ್ಕೆ ಮೆತ್ತಿಕೊಂಡಿದ್ದರು. ಬೈದು, ತೊಳೆದು, ಟಿಟಿ ಇಂಜೆಕ್ಷನ್ನಿಗೆ ಕಳಿಸಿದೆ. "ರಕ್ತ ನಿಂತೋಯ್ತಲ್ಲ ಡಾಕ್ಟ್ರೇ" ಅಂತ ಅವರ ವಾದ.

ಆಮೇಲೆ ಓದುತ್ತಾ ಕೂತೆ. ಜರ್ಮನಿಯ ಹ್ಯಾನೋವರ್ ವೈದ್ಯರು ಕುರಿಯ ಕಾಲಿನಲ್ಲಿ 6 ಸೆಂಟಿಮೀಟರ್ ಕಡಿದುಹೋದ ನರವನ್ನು ಜೇಡದ ದಾರದ ಆಸರೆಯಲ್ಲಿ ಮತ್ತೆ ಬೆಳೆಸಿದ್ದು 2011ರಲ್ಲಿ ವರದಿಯಾಗಿದೆ. ಅವರು ಬಳಸಿದ್ದು ನೆಫಿಲಾ ಜಾತಿಯ ಜೇಡ. ಅದೇ ಬಳಗದ ದೊಡ್ಡ ಜೇಡ ನಮ್ಮ ತೋಟದಲ್ಲಿ ಎರಡು ಅಡಿಕೆ ಮರದ ನಡುವೆ ಹೊಂಬಣ್ಣದ ಬಲೆ ಕಟ್ಟಿ ಕೂರುತ್ತದೆ. ಬೆಳಿಗ್ಗೆ ಮುಖಕ್ಕೆ ಬಡಿದವರಿಗೆ ಅದರ ಗಟ್ಟಿತನ ಗೊತ್ತು.

ಮಳೆ ಕಳೆದ ಮೇಲೆ ನಾಲ್ಕು ಹೆಣ್ಣು ಜೇಡ ಹಿಡಿದೆ. ಗಂಡು ಬಿಡಿ, ತೀರಾ ಪುಟಾಣಿ. ಜೇಡವನ್ನು ಸ್ಪಂಜಿನ ಮೇಲೆ ಬೆನ್ನಡಿ ಮಾಡಿ ಮಲಗಿಸಿ, ಸೊಂಟಕ್ಕೂ ಕಾಲಿಗೂ ಗಾಜ್ ಬಟ್ಟೆ ಹೊದಿಸಿ, ಸುತ್ತ ಗುಂಡುಪಿನ್ನು ಚುಚ್ಚಿದೆ. ಬಟ್ಟೆಗೆ ಮಾತ್ರ, ಜೇಡಕ್ಕಲ್ಲ. ಹಿಂಗಾಲನ್ನು ಸಡಿಲ ಬಿಟ್ಟಿರೋ, ಕೆಲಸ ಕೆಟ್ಟಿತು: ಅದರಲ್ಲೇ ದಾರ ಹಿಡಿದು ತುಂಡರಿಸಿಬಿಡುತ್ತದೆ. ಮೊದಲ ದಿನ ಹಾಗೇ ಆಯಿತು. ನಮಗೆ ಬೇಕಾದದ್ದು ಬಲೆಯ ಅಂಟು ಎಳೆಯಲ್ಲ, ಜೇಡ ಜೋತುಬೀಳುವಾಗ ಬಿಡುವ ಎಳೆ. ಅದನ್ನು ಚಿಮಟದಲ್ಲಿ ಎಳೆದು, ಬಿದಿರಿನ ಚೌಕಟ್ಟಿಗೆ ಸಿಕ್ಕಿಸಿ, ಹಳೇ ಟೇಪ್‌ರೆಕಾರ್ಡರಿನ ಮೋಟಾರಿನಿಂದ ನಿಧಾನ ಸುತ್ತಿದೆ.

ಲೆಕ್ಕ ಹೀಗಿದೆ. ಒಂದು ಎಳೆ ಸುಮಾರು 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪ. ಸಣ್ಣ ಹೊಲಿಗೆಗೆ ಬಳಸುವ 6-0 ದಾರ ಸುಮಾರು 70 ಮೈಕ್ರಾನ್. ದಪ್ಪ ಹದಿನೇಳೂವರೆ ಪಟ್ಟು, ಕಟ್ಟು ತುಂಬಲು ಅದರ ವರ್ಗದಷ್ಟು ಎಳೆ ಬೇಕು, ಅಂದರೆ ಸುಮಾರು 300 ಎಳೆ ಸೇರಿಸಬೇಕು. ಒಂದು ಗೇಣು ದಾರಕ್ಕೆ ಅರವತ್ತು ಮೀಟರಿಗಿಂತ ಜಾಸ್ತಿ! ರೇಷ್ಮೆಹುಳುವನ್ನು ಸಾವಿರಗಟ್ಟಲೆ ಒಟ್ಟಿಗೆ ಸಾಕಬಹುದು. ಈ ಜೇಡಗಳನ್ನು ಒಂದೇ ಡಬ್ಬಿಗೆ ಹಾಕಿದರೆ ಒಂದನ್ನೊಂದು ತಿನ್ನುತ್ತವೆ. ನನಗೆ ವಾರ ಹಿಡಿಯಿತು.

ಮೊದಲ ದಾರವನ್ನು ಮೂರೆಳೆ ಜಡೆಯಂತೆ ಹೆಣೆದು, ಅಂಗಡಿಯಿಂದ ತಂದ ಕೋಳಿ ಚರ್ಮಕ್ಕೆ ಹೊಲಿದೆ. ಗಂಟು ಚೆನ್ನಾಗಿಯೇ ಕೂತಿತು. ಖುಷಿಯಾಗಿ ಸಲೈನ್ ಹನಿಸಿದೆ. ನೋಡನೋಡುತ್ತಲೇ ದಾರ ಬಿಗಿದುಕೊಂಡು ಚರ್ಮ ನೆರಿಗೆ ಕಟ್ಟಿತು. ಜೀವಂತ ಪ್ರಾಣಿಯಲ್ಲಿ ಹೀಗಾದರೆ ರಕ್ತ ಓಡದೆ ಗಾಯದ ಅಂಚು ಸಾಯುತ್ತದೆ. ಈ ದಾರ ನೀರು ಕುಡಿದರೆ ಕುಗ್ಗುತ್ತದೆ ಎಂದು ಓದಿದ್ದೆ, ಇಷ್ಟು ಎಂದುಕೊಂಡಿರಲಿಲ್ಲ.

ಎರಡು ದಿನ ಸುಮ್ನೆ ಕೂತೆ. ದಾರಿ ತೋರಿಸಿದ್ದು ರವಿಕೆ ಹೊಲಿಯುವ ಹೆಂಡತಿ. "ಲೈನಿಂಗ್ ಬಟ್ಟೆ ನೆನೆಸಿ, ಒಣಗಿಸಿ, ಆಮೇಲೆ ಅಲ್ವೇನ್ರೀ ನಾವು ಕತ್ತರಿಸೋದು?"

ಅಷ್ಟೇ. ಎಳೆಗಳನ್ನು ಚೌಕಟ್ಟಿನಿಂದ ಬಿಡಿಸಿ, ಸಡಿಲವಾಗಿ ನೀರಿಗೆ ಬಿಟ್ಟೆ. ಕುಗ್ಗುವಷ್ಟು ಕುಗ್ಗಲಿ ಅಂತ. ನೆರಳಲ್ಲಿ ಒಣಗಿಸಿ ಹೆಣೆದೆ. ದಾರ ಗಿಡ್ಡವಾಯಿತು, ಸ್ವಲ್ಪ ರಬ್ಬರಿನಂತೆ ಹಿಗ್ಗುವ ಗುಣವೂ ಬಂತು. ಆದರೆ ಈ ಸಲ ಸಲೈನ್ ಬಿದ್ದಾಗ ಹೊಲಿಗೆ ಹೆಚ್ಚುಕಡಿಮೆ ಹಾಗೇ ನಿಂತಿತು. ಊತ ಬರುವ ಗಾಯಕ್ಕೆ ಈ ಹಿಗ್ಗುವಿಕೆ ಒಳ್ಳೆಯದೇ ಅನ್ನಿಸುತ್ತದೆ.

ದನಕ್ಕೆ ಹಾಕಿದಿರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮನೆಯಲ್ಲಿ ಮಾಡಿದ ದಾರವನ್ನು ಯಾರದೋ ಹಸುವಿನ ಮೈಗೆ ಹಾಕುವ ಧೈರ್ಯ ನನಗಿಲ್ಲ, ಹಾಕಲೂಬಾರದು. ಜೇಡಗಳನ್ನು ಅದೇ ಮರಗಳಿಗೆ ಬಿಟ್ಟು ಬಂದೆ. ಉಳಿದ ದಾರ ಒಂದು ಗೇಣಿಗೂ ಕಮ್ಮಿ, ಸೂಜಿ ಡಬ್ಬಿಯಲ್ಲಿದೆ. ಇನ್ನೊಂದು ಗೇಣು ಬೇಕೆಂದರೆ ಮುಂದಿನ ಮಳೆಗಾಲ ಕಳೆಯಬೇಕು.