ಮಾತ್ರೆಯ ಗಡಿಯಾರಕ್ಕೆ ಕಟ್ಟಿದ ಹಬ್ಬ: ಪಾರ್ಕಿನ್ಸನ್ ಇಟ್ಟುಕೊಂಡು ಗೌರಿಯಿಂದ ದೀಪಾವಳಿಯವರೆಗೆ

ಹಬ್ಬದ ಮಧ್ಯಾಹ್ನ ಎಲೆಯ ಮೇಲೆ ಬೇಳೆ ಒಬ್ಬಟ್ಟು ಇರುವುದಿಲ್ಲ, ಅದು ರಾತ್ರಿಗೆ ಎಂದು ನಾನು ಮೊದಲ ಸಲ ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಅತ್ತಿಗೆ, ಒಬ್ಬಟ್ಟಿಲ್ಲದ ಎಲೆಯನ್ನು ಹಬ್ಬದ ಎಲೆ ಎನ್ನುತ್ತಾರೆಯೇ?" ಎಂದು ನಾದಿನಿ ಕೇಳಿದಳು. ಮಗ ಬೆಂಗಳೂರಿನಿಂದ ಫೋನಿನಲ್ಲಿ, "ಅಮ್ಮ, ಎಲ್ಲವನ್ನೂ ಹೊರಗಿನಿಂದ ತರಿಸಿಬಿಡೋಣ, ನೀನು ಮಲಗಿರು" ಎಂದ. ಮಲಗಿರು ಎಂಬ ಆ ಮಾತೇ ನನಗೆ ಹಠ ಹುಟ್ಟಿಸಿತು. ಅದಾಗಿ ಮೂರು ವರ್ಷ. ಈ ಮೂರು ವರ್ಷಗಳಲ್ಲಿ ಗೌರಿ, ದಸರೆ, ದೀಪಾವಳಿ ಯಾವುದನ್ನೂ ಬಿಟ್ಟಿಲ್ಲ. ಹಬ್ಬದ ದಿನ ಒಮ್ಮೆಯೂ ಬಿದ್ದಿಲ್ಲ.

ನನಗಿರುವುದು ಪಾರ್ಕಿನ್ಸನ್, ಕೈಕಾಲು ನಡುಗಿಸಿ ಮೈ ಬಿಗಿಯುವಂತೆ ಮಾಡುವ ನರರೋಗ, ಎಂದು ಗೊತ್ತಾಗಿ ಹನ್ನೊಂದು ವರ್ಷವಾಯಿತು. ಮೊದಲ ಐದು ವರ್ಷ ತೊಂದರೆ ಇರಲಿಲ್ಲ, ಒಂದು ಹೊತ್ತು ತಡವಾದರೂ ದೇಹ ಸಹಿಸಿಕೊಳ್ಳುತ್ತಿತ್ತು. ಆಮೇಲೆ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗಿತು. ಈಗ ದಿನಕ್ಕೆ ಐದು ಹೊತ್ತು: ಬೆಳಿಗ್ಗೆ ಆರೂವರೆ, ಹತ್ತು, ಮಧ್ಯಾಹ್ನ ಒಂದೂವರೆ, ಸಂಜೆ ಐದು, ರಾತ್ರಿ ಎಂಟೂವರೆ. ನುಂಗಿದ ಸುಮಾರು ನಲವತ್ತು ನಿಮಿಷಕ್ಕೆ ಹಿಡಿಯುತ್ತದೆ, ಅಲ್ಲಿಂದ ಎರಡೂವರೆ ಗಂಟೆ ನನ್ನ ಕೈಕಾಲು ನನ್ನವು. ಪ್ರಮಾಣವನ್ನು ಬರೆಯುವುದಿಲ್ಲ, ಅದು ವೈದ್ಯರು ನನ್ನ ಮೈಗೆ ಅಳೆದು ಕೊಟ್ಟದ್ದು, ಇನ್ನೊಬ್ಬರಿಗೆ ಹೊಂದುವುದಿಲ್ಲ.

ಎಲ್ಲ ಕೆಟ್ಟದ್ದು ಒಂದು ದಸರೆಯಲ್ಲಿ. ಗೊಂಬೆ ಕೂರಿಸಿದ್ದೆವು. ಪೂಜೆ ಮುಗಿದಾಗ ಹನ್ನೊಂದೂವರೆ. ಹತ್ತರ ಮಾತ್ರೆ ಮರೆತೇಹೋಗಿತ್ತು. ನೆನಪಾದಾಗ ಕೈಯಲ್ಲಿದ್ದ ಹಾಲಿನ ಜೊತೆಗೇ ನುಂಗಿದೆ. ಊಟಕ್ಕೆ ಕುಳಿತಾಗ ಎರಡು ಗಂಟೆ: ಹೆಸರುಬೇಳೆ ಕೋಸಂಬರಿ, ಆಂಬೊಡೆ, ಒಬ್ಬಟ್ಟಿನ ಸಾರು, ತುಪ್ಪ ಹಾಲು ಹಾಕಿದ ಎರಡು ಒಬ್ಬಟ್ಟು, ಕೊನೆಗೆ ಗಟ್ಟಿ ಮೊಸರು. ಒಂದೂವರೆಯ ಮಾತ್ರೆಯನ್ನು ಊಟದ ನಡುವೆ ಹಾಕಿಕೊಂಡೆ. ಅದು ಹಿಡಿಯಲೇ ಇಲ್ಲ. ನಾಲ್ಕು ಗಂಟೆಗೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ನಾನು ಕುರ್ಚಿಯಿಂದ ಏಳಲಾರದೆ, ಮುಖದಲ್ಲಿ ಒಂದು ನಗುವನ್ನೂ ತರಲಾರದೆ ಕುಳಿತಿದ್ದೆ. ಬಾಗಿಲ ಬಳಿ ಒಬ್ಬರು, "ಪಾಪ, ನಮ್ಮನ್ನು ಗುರುತು ಹಿಡಿದ ಹಾಗೆ ಕಾಣಲಿಲ್ಲ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಬಂದವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿನಿಯರು; ಅವರ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ದನಿ ಹೊರಡಲಿಲ್ಲ.

ನಮ್ಮ ಮಾತ್ರೆಯಲ್ಲಿರುವ ಔಷಧ ಲೆವೊಡೋಪಾಕ್ಕೂ ಪ್ರೋಟೀನಿಗೂ ಇರುವ ಪೈಪೋಟಿ ಈ ಕಾಯಿಲೆ ಇರುವ ನಿಮಗೆಲ್ಲ ಗೊತ್ತು: ಊಟದ ಪ್ರೋಟೀನು ಅಡ್ಡ ಬಂದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ನನಗೂ ಗೊತ್ತಿತ್ತು. ಆದರೆ ಆಹಾರ ಪಟ್ಟಿಗಳಲ್ಲಿ ಮಾಂಸ, ಮೊಟ್ಟೆ ಎಂದು ಬರೆದಿರುವುದನ್ನು ನೋಡಿ, ನಾವು ಸಸ್ಯಾಹಾರಿಗಳು, ನಮಗೇನು ಎಂದುಕೊಂಡಿದ್ದೆ. ಹಬ್ಬದ ಎಲೆಯನ್ನು ಒಂದು ಸಲ ಕಣ್ಣು ಬಿಟ್ಟು ನೋಡಿ: ತೊಗರಿ, ಹೆಸರು, ಕಡಲೆ, ಹಾಲು, ಮೊಸರು. ಉಪ್ಪಿನಿಂದ ಮೊಸರಿನವರೆಗೆ ಬೇಳೆಯೇ ಬೇಳೆ. ದಿನದ ಊಟಕ್ಕಿಂತ ದುಪ್ಪಟ್ಟು ಬೇಳೆಯನ್ನು ನಾವು ತಿನ್ನುವುದು ಹಬ್ಬದ ದಿನವೇ.

ವೈದ್ಯರನ್ನು ಕೇಳಿಕೊಂಡೇ ಪ್ರೋಟೀನನ್ನೆಲ್ಲ ರಾತ್ರಿಗೆ ತಳ್ಳಿದೆ. ಹಬ್ಬಕ್ಕೆ ಮೂರು ವಾರ ಮೊದಲೇ ಶುರು ಮಾಡಿದೆ, ಅದೇ ದಿನ ಮಾಡಿದರೆ ಆಗದು. ಮೊದಲ ವಾರವೇ ಇನ್ನೊಂದು ತೊಡಕು: ಮಾತ್ರೆ ಪೂರ್ತಿ ಹಿಡಿಯತೊಡಗಿದ್ದರಿಂದ ಮಧ್ಯಾಹ್ನ ಕತ್ತು, ಭುಜ ತಾವಾಗಿಯೇ ತೊನೆದಾಡಲು ಆರಂಭಿಸಿದವು. ವೈದ್ಯರು ಹತ್ತರ ಮಾತ್ರೆಯನ್ನು ಸ್ವಲ್ಪ ಇಳಿಸಿದರು. ತೂಕವೂ ಎರಡು ಕಿಲೋ ಇಳಿಯಿತು. ರಾತ್ರಿ ಊಟವನ್ನು ಹೆಚ್ಚಿಸಿ ಸರಿ ಮಾಡಿಕೊಂಡೆ. ರಾತ್ರಿ ಹತ್ತರ ಮೇಲೆ ಮೈ ಬಿಗಿಯುತ್ತದೆ, ಮಗ್ಗುಲು ಬದಲಾಯಿಸಲು ನಮ್ಮವರ ಕೈ ಬೇಕು. ಹಗಲಿಗಾಗಿ ಆ ರಾತ್ರಿಯನ್ನು ನಾನು ತಿಳಿದೇ ಕೊಟ್ಟಿದ್ದೇನೆ.

ಈಗ ಹಬ್ಬದ ಮಧ್ಯಾಹ್ನ ನನ್ನ ಎಲೆಗೆ ಬೀಳುವುದು ಸೌತೆಕಾಯಿ ಮತ್ತು ಕ್ಯಾರೆಟ್ಟಿನ ಕೋಸಂಬರಿ, ಬೂದುಗುಂಬಳದ ಪಲ್ಯ, ಚಿತ್ರಾನ್ನ, ತಿಳಿಸಾರು, ತೆಂಗಿನ ಹಾಲು ಬೆಲ್ಲದ ಅಕ್ಕಿ ಪಾಯಸ ಮತ್ತು ಗೆಣಸಿನ ಒಬ್ಬಟ್ಟು. ಕಾಯಿ ಒಬ್ಬಟ್ಟನ್ನೂ ಮಾಡಿ ನೋಡಿದೆ, ರುಚಿಗೆ ಅದೇ ಮೇಲು, ಆದರೆ ಹೊಟ್ಟೆಗೆ ಭಾರ. ಮೊದಲೇ ಮಲಬದ್ಧತೆ ಇರುವ ನಮಗೆ ಭಾರವಾದದ್ದು ಒಳ್ಳೆಯದಲ್ಲ. ಗೆಣಸಿನ ಹೂರಣಕ್ಕೆ ಒಂದೇ ದೋಷ, ನೀರು ಬಿಟ್ಟುಕೊಂಡು ತಟ್ಟುವಾಗ ಕಣಕದಿಂದ ಹೊರಬರುತ್ತದೆ. ನಾಲ್ಕು ಸಲ, ಒಟ್ಟು ಮೂರು ಕಿಲೋ ಗೆಣಸು ಹಾಳಾದ ಮೇಲೆ ಅದಕ್ಕೊಂದು ಉಪಾಯ ಸಿಕ್ಕಿತು. ನಡುಗುವ ಕೈಯಲ್ಲಿ ತಟ್ಟಿದರೂ ಒಡೆಯುವುದಿಲ್ಲ. ಆ ಉಪಾಯವನ್ನು ಸೊಸೆಗೆ ಮಾತ್ರ ಹೇಳಿಕೊಟ್ಟಿದ್ದೇನೆ, ಅವಳ ಬಳಿಯೇ ಇರಲಿ. ಹಠ ಮಾಡಿದ ನಾದಿನಿ ಈಗ ತನ್ನ ಮನೆಯ ಹಬ್ಬಕ್ಕೆ ಹತ್ತು ಒಬ್ಬಟ್ಟು ಕಟ್ಟಿಸಿಕೊಂಡು ಹೋಗುತ್ತಾಳೆ.

ಪೂಜೆಯ ಹೊತ್ತನ್ನೂ ಬದಲಾಯಿಸಿದೆ. ಪುರೋಹಿತರು ಬೇಸರಪಡುತ್ತಾರೆ ಎಂಬ ಹೆದರಿಕೆ ಇತ್ತು. ಅವರು ಪಂಚಾಂಗ ತೆರೆದು, "ರಾಹುಕಾಲ ಬಿಟ್ಟು ನಿಮಗೆ ಅನುಕೂಲವಾದಾಗ ಮಾಡಿ, ತಾಯಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹತ್ತೂಮುಕ್ಕಾಲಿಗೆ ಕುಳಿತರೆ ಹನ್ನೆರಡೂವರೆಗೆ ಮಂಗಳಾರತಿ. ಗೌರಿಯ ಬಾಗಿನವನ್ನೂ ಅದೇ ಹೊತ್ತಿನಲ್ಲಿ ಕೊಡುತ್ತೇನೆ. ಹಿಂದೆ ಮೊರ ಎತ್ತಿದರೆ ಅಕ್ಕಿ ಬೇಳೆ ಚೆಲ್ಲುತ್ತಿತ್ತು. ಈಗ ಮೇಲಿನ ಮೊರವನ್ನು ದಾರದಿಂದ ಬಿಗಿದು ಕಟ್ಟಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು ಕೊಡುತ್ತೇನೆ. ಈ ವರ್ಷ ಹದಿನಾರು ಗಂಟಿನ ಗೌರಿ ದಾರವನ್ನು ನಾನೇ ಗಂಟು ಹಾಕಿದೆ. ಸುಮಾರು ಇಪ್ಪತ್ತೈದು ನಿಮಿಷ ಹಿಡಿಯಿತು. ಯಾರ ಕೈಗೂ ಕೊಡಲಿಲ್ಲ.

ಗೊಂಬೆ ಜೋಡಿಸುವುದು ಒಂದು ದಿನದ ಕೆಲಸವಾಗಿತ್ತು, ಈಗ ನಾಲ್ಕು ದಿನಕ್ಕೆ ಹಂಚಿದ್ದೇನೆ. ದಶಾವತಾರದ ಮಣ್ಣಿನ ಸೆಟ್ಟಿನಲ್ಲಿ ವಾಮನ ನನ್ನ ಕೈಯಿಂದಲೇ ಬಿದ್ದು ಒಡೆದ. ನಮ್ಮತ್ತೆಯ ಕಾಲದ ಗೊಂಬೆ ಅದು, ಈಗಲೂ ಸಂಕಟವಾಗುತ್ತದೆ. ಮೇಲಿನ ಮೆಟ್ಟಿಲುಗಳು ಮೊಮ್ಮಗನ ಪಾಲು. ಕೆಳಗಿನ ಮೂರನ್ನು ನಾನು ಕುರ್ಚಿಯಲ್ಲಿ ಕುಳಿತು ಜೋಡಿಸುತ್ತೇನೆ. ಪಟ್ಟದ ಗೊಂಬೆಗಳು ಮರದವು, ಅವನ್ನು ನಾನೇ ಇಡುತ್ತೇನೆ.

ಬೀಳುವ ವಿಷಯಕ್ಕೆ ಬರುತ್ತೇನೆ. ನಾನು ಕೆಟ್ಟದಾಗಿ ಬಿದ್ದದ್ದು ದೇವರ ಮುಂದೆ, ಆತ್ಮಪ್ರದಕ್ಷಿಣೆ ಹಾಕುವಾಗ. ನಿಂತಲ್ಲೇ ಗರಗರನೆ ತಿರುಗುವುದು ನಮಗೆ ಎಷ್ಟು ಅಪಾಯ ಎಂದು ಯೋಚಿಸಿಯೇ ಇರಲಿಲ್ಲ. ಎರಡನೆಯ ಸುತ್ತಿಗೆ ಪಾದಗಳು ನೆಲಕ್ಕೆ ಅಂಟಿಕೊಂಡವು, ಮೈ ಮಾತ್ರ ತಿರುಗಿತು. ಮಣಿಕಟ್ಟು ಬಿರುಕು ಬಿಟ್ಟಿತು; ಪಟ್ಟಿ, ಎಕ್ಸ್‌ರೇ, ಆಟೋ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಈಗ ಒಂದು ಭಾರವಾದ ಕುರ್ಚಿಯನ್ನು ನಡುವೆ ಇಟ್ಟು, ಅದರ ಬೆನ್ನು ಹಿಡಿದು ಸುತ್ತಲೂ ನಡೆಯುತ್ತೇನೆ. ಅಗಲವಾದ ಸುತ್ತು, ಪ್ರತಿ ಹೆಜ್ಜೆಯೂ ಎತ್ತಿ ಇಟ್ಟದ್ದು.

ಹೊಸ್ತಿಲು ಇನ್ನೊಂದು ಶತ್ರು. ದೇವರಮನೆಯ ಹೊಸ್ತಿಲ ಮುಂದೆ ಬಂದರೆ ಕಾಲು ನಿಂತುಬಿಡುತ್ತಿತ್ತು. ಮಗ ಪ್ರೀತಿಯಿಂದ ಲೇಸರ್ ಗೆರೆ ಬೀಳುವ ಊರುಗೋಲು ತರಿಸಿಕೊಟ್ಟ, ಆರು ಸಾವಿರವೋ ಆರೂವರೆಯೋ. ಕೆಂಪು ಗಾರೆ ನೆಲದ ಮೇಲೆ ಹಗಲು ಬೆಳಕಿನಲ್ಲಿ ಆ ಕೆಂಪು ಗೆರೆ ಕಾಣುವುದೇ ಇಲ್ಲ. ಅದು ಬೀರುವಿನ ಪಕ್ಕ ನಿಂತಿದೆ. ಪರಿಹಾರ ಸಿಕ್ಕಿದ್ದು ಸೊಸೆಯಿಂದ, ಅವಳಿಗೂ ಗೊತ್ತಿಲ್ಲದೆ. ಒಂದು ಹಬ್ಬದ ಬೆಳಿಗ್ಗೆ ನಡುಮನೆಯಿಂದ ದೇವರಮನೆಯವರೆಗೆ ಅಡ್ಡಡ್ಡವಾಗಿ ರಂಗೋಲಿಯ ಎಳೆಗಳನ್ನು ಎಳೆದಿದ್ದಳು. ಅದನ್ನು ತುಳಿಯಬಾರದೆಂದು ಒಂದೊಂದನ್ನೇ ದಾಟುತ್ತಾ ಹೋದವಳು ಹೊಸ್ತಿಲನ್ನೂ ದಾಟಿಬಿಟ್ಟಿದ್ದೆ. ನಿಂತು ಹಿಂದಿರುಗಿ ನೋಡಿದಾಗ ಮೈ ಜುಮ್ಮೆಂದಿತು. ನೆಲದ ಮೇಲಿನ ಅಡ್ಡಗೆರೆಗಳು ನಿಂತ ಕಾಲನ್ನು ಎಬ್ಬಿಸುತ್ತವೆ ಎಂದು ಫಿಸಿಯೋಥೆರಪಿಯವರು ಹೇಳಿದ್ದು ಆಗ ಅರ್ಥವಾಯಿತು. ರಂಗೋಲಿ ಪುಡಿ ಮಾತ್ರ ಬೇಡ, ಗಾರೆ ನೆಲದಲ್ಲಿ ಕಾಲು ಜಾರುತ್ತದೆ. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಎಳೆಯಿರಿ, ಒಣಗಿದ ಮೇಲೆ ನಾಲ್ಕೈದು ದಿನ ಉಳಿಯುತ್ತದೆ. ಗೆರೆಯಿಂದ ಗೆರೆಗೆ ನನಗೆ ಸುಮಾರು ಒಂದೂವರೆ ಅಡಿ. ಒಂದು ಡಬ್ಬಿಗೆ ಕೊಟ್ಟದ್ದು ಮೂವತ್ತು ರೂಪಾಯಿ. ಗೆರೆ ಇಲ್ಲದ ಕಡೆ, ನೆಂಟರ ಮನೆಯಲ್ಲಿ, ದೇವಸ್ಥಾನದಲ್ಲಿ, ಆದಿತಾಳದ ಎಂಟನ್ನು ಬಾಯಲ್ಲಿ ಎಣಿಸಿ ಒಂದಕ್ಕೆ ಹೆಜ್ಜೆ ಎತ್ತುತ್ತೇನೆ. ಹತ್ತರಲ್ಲಿ ಏಳು ಸಲ ಕೆಲಸ ಮಾಡುತ್ತದೆ. ರೂಪಕ ತಾಳದಲ್ಲೂ ಪ್ರಯತ್ನಿಸಿದೆ. ಎಣಿಕೆ ಬೇಗ ಬೇಗ ಬಂದು ಹೆಜ್ಜೆ ಚಿಕ್ಕದಾಗಿ ಓಡತೊಡಗುತ್ತದೆ, ಬಿಟ್ಟೆ.

ನಸುಗುನ್ನಿ ಬೀಜದ ಪುಡಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮಗೂ ಯಾರಾದರೂ ಹೇಳಿರುತ್ತಾರೆ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಒಂದು ದೀಪಾವಳಿಗೆ ಮುಂಚೆ ಒಂಬೈನೂರು ರೂಪಾಯಿಯ ಡಬ್ಬಿ ತಂದು, ಯಾರಿಗೂ ಹೇಳದೆ ಮಾತ್ರೆಯ ಜೊತೆ ಚಮಚ ಚಮಚ ತೆಗೆದುಕೊಂಡೆ. ಮೂರನೆಯ ದಿನ ಕೈಕಾಲು ಹಾವಿನಂತೆ ಹೊರಳಾಡಿದವು, ರಾತ್ರಿಯೆಲ್ಲ ವಾಂತಿ. ಪುಡಿಯಲ್ಲಿ ಎಷ್ಟಿದೆ ಎಂದು ಅಳೆಯಲಾಗದು, ಮಾತ್ರೆಯ ಮೇಲೆ ಅದು ಸೇರಿದರೆ ಪ್ರಮಾಣ ಮಿತಿಮೀರುತ್ತದೆ ಎಂದು ವೈದ್ಯರು ಬೈದರು. ಬೈಸಿಕೊಳ್ಳಬೇಕಾದ್ದೇ.

ಆ ವಾಂತಿಗೆ ಆದ ಚಿಕಿತ್ಸೆ ಇನ್ನೂ ದೊಡ್ಡ ಕಥೆ. ನಮ್ಮ ವೈದ್ಯರು ರಜೆಯಲ್ಲಿದ್ದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ವಾಂತಿ ನಿಲ್ಲಲು ಮೆಟೋಕ್ಲೋಪ್ರಮೈಡ್ ಚುಚ್ಚುಮದ್ದು ಕೊಟ್ಟರು. ವಾಂತಿ ನಿಂತಿತು, ನಾನೂ ನಿಂತೆ. ಎರಡು ದಿನ ಮರದ ಕೊರಡಿನಂತೆ ಬಿದ್ದಿದ್ದೆ. ಅದು ನಮ್ಮ ಮಾತ್ರೆಯ ಕೆಲಸವನ್ನೇ ತಡೆಯುವ ಔಷಧ. ಅಂದಿನಿಂದ ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ: ನನಗೆ ಪಾರ್ಕಿನ್ಸನ್ ಇದೆ, ಮೆಟೋಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಕೊಡಬೇಡಿ, ಮಾತ್ರೆಯನ್ನು ಯಾವ ಕಾರಣಕ್ಕೂ ಒಮ್ಮೆಗೇ ನಿಲ್ಲಿಸಬೇಡಿ. ಕೆಳಗೆ ನಮ್ಮವರ ಮತ್ತು ವೈದ್ಯರ ನಂಬರು. ಇದೊಂದನ್ನು ಮಾತ್ರ ಇವತ್ತೇ ಬರೆದಿಟ್ಟುಕೊಳ್ಳಿ, ಉಳಿದದ್ದನ್ನು ನಿಧಾನವಾಗಿ ನೋಡಿ. ಮಾತ್ರೆಯನ್ನೂ ಗೌರಿ ಹಬ್ಬಕ್ಕೆ ಮೊದಲೇ ಹದಿನೈದು ದಿನದ್ದು ಹೆಚ್ಚು ತಂದಿಡುತ್ತೇನೆ. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಬೀಳುವುದರಿಂದ ಆ ಒಂದು ತಿಂಗಳು ಸಾವಿರದಷ್ಟು ಹೆಚ್ಚು ಕೈಬಿಡುತ್ತದೆ. ಆಯುಧಪೂಜೆಯ ಮಧ್ಯಾಹ್ನ ಬಾಗಿಲು ಹಾಕಿದ ಔಷಧಿ ಅಂಗಡಿಗಳನ್ನು ಒಂದೊಂದಾಗಿ ಸುತ್ತಿ ಬಂದ ನಮ್ಮವರು ಆ ಹಣದ ಬಗ್ಗೆ ಈಗ ಮಾತಾಡುವುದಿಲ್ಲ.

ದೀಪಾವಳಿಯ ಎಣ್ಣೆಸ್ನಾನ ಕೊನೆಯದಾಗಿ ಹತೋಟಿಗೆ ಬಂತು. ನರಕ ಚತುರ್ದಶಿಯ ದಿನ ಬೆಳಕು ಹರಿಯುವ ಮುಂಚೆ, ಮಾತ್ರೆ ಇನ್ನೂ ಹಿಡಿಯದ ಮೈಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಸುರಿದು ಎದ್ದು ನಿಂತರೆ ರಕ್ತದೊತ್ತಡ ಕುಸಿಯದೆ ಇನ್ನೇನಾಗುತ್ತದೆ? ಎರಡು ಸಲ ಕಣ್ಣು ಕತ್ತಲೆ ಬಂದು ನಮ್ಮವರ ತೋಳಿಗೆ ಬಿದ್ದಿದ್ದೇನೆ. ಈಗ ನೀರು ತುಂಬಿಸಿಡುವುದು ಹಿಂದಿನ ರಾತ್ರಿಯೇ, ಶಾಸ್ತ್ರದಂತೆ. ಸ್ನಾನ ಮಾತ್ರ ಎಂಟು ಗಂಟೆಗೆ. ನೆತ್ತಿಗೆ ಸೊಸೆ ಎಣ್ಣೆ ಒತ್ತುತ್ತಾಳೆ, ಮೊಣಕಾಲಿನಿಂದ ಕೆಳಗೆ ಒಂದು ಹನಿಯೂ ಇಲ್ಲ. ಉಗುರು ಬೆಚ್ಚಗಿನ ನೀರು, ಪ್ಲಾಸ್ಟಿಕ್ ಸ್ಟೂಲು, ಗೋಡೆಗೆ ಸ್ಟೀಲಿನ ಹಿಡಿ. ಹಿಡಿಗೂ ಕೂಲಿಗೂ ಸೇರಿ ಸಾವಿರದ ಎಂಟುನೂರು ಆಯಿತು; ನಾನು ಮಾಡಿದ ಖರ್ಚಿನಲ್ಲೆಲ್ಲ ಸಾರ್ಥಕವಾದದ್ದು ಅದು. ಸ್ನಾನ ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ಕುಳಿತು, ಒಂದು ಲೋಟ ನೀರು ಕುಡಿದು, ಆಮೇಲೆ ಏಳುತ್ತೇನೆ.

ಪಟಾಕಿಯ ಸದ್ದಿಗೆ ಮೈ ಬೆಚ್ಚಿ ನಡುಕ ಹೆಚ್ಚುವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಹತ್ತಿ, ಕಿವಿಗೆ ಇಡುವ ಬಿರಡೆ, ಜೋರಾಗಿ ಹಾಕಿದ ರೇಡಿಯೋ ಎಲ್ಲ ಆಯಿತು. ಈ ಸಲ ಹಿಂದಿನ ಕೋಣೆಗೆ ದಪ್ಪ ಪರದೆ ಹೊಲಿಸಿದ್ದೇನೆ. ನೀರು ತುಂಬುವ ಹಬ್ಬಕ್ಕೆ ಮೊದಲು ಸ್ಟೂಲಿನ ಕಾಲಿನ ರಬ್ಬರುಗಳನ್ನೂ ಬದಲಾಯಿಸಬೇಕು, ಎರಡು ಸವೆದಿವೆ.