ದೊಡ್ಡ ಕೈಗೆ ಕಾಂಪ್ಯಾಕ್ಟ್ ಪಿಸ್ತೂಲು: ನಾನು ಆರಿಸಿಕೊಂಡ ಬಗೆ

"ನಿನ್ನ ಕೈಗೆ ಕಾಂಪ್ಯಾಕ್ಟ್ ಆಗಲ್ಲ ಮಾರಾಯ, ಸುಮ್ನೆ ಫುಲ್ ಸೈಜ್ ತಗೋ." ಅಮೆರಿಕದ ಡಾಲಸ್ ಕಡೆ ನನ್ನ ಜೊತೆ ಗುಂಡು ಹಾರಿಸುವ ರೇಂಜಿಗೆ ಬರುವ ಗೆಳೆಯರು ಹೇಳಿದ್ದು ಇದು. ಅಂಗಡಿಯವನು ಹೇಳಿದ್ದೂ ಇದೇ. ಈಗ ಎರಡು ವರ್ಷದ ಮೇಲಾಯಿತು, ಹಿಡಿಯೂ ನಳಿಗೆಯೂ ಗಿಡ್ಡನೆಯ ಆ ಕಾಂಪ್ಯಾಕ್ಟನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೇನೆ. 10 ಗಜದಲ್ಲಿ ಅವರ ಫುಲ್ ಸೈಜ್‌ಗಿಂತ ಒತ್ತೊತ್ತಾಗಿ ಗುಂಡು ಕೂರಿಸುತ್ತಿದ್ದೇನೆ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಗನ್ ಬಿಚ್ಚಿ ಜೋಡಿಸೋದು, ಗುರಿ ಹಿಡಿಯೋದು ಇವೆಲ್ಲ ಇಲ್ಲಿಲ್ಲ, ಅದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ಕೈಯ ಅಳತೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಸುಮಾರು ಎಂಟೂವರೆ ಇಂಚು. ಕೈಗವಸು ಡಬಲ್ ಎಕ್ಸೆಲ್ ಬೇಕು, ಅದೂ ಕೆಲವು ಸಲ ಬಿಗಿ. ಕೊಡಗಿನವನು ನಾನು. ಮನೆಯಲ್ಲಿ ತಾತನ ಜೋಡುನಳಿಗೆ ಕೋವಿ ಇತ್ತು. ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂ ಇಟ್ಟು ಪೂಜೆ ಮಾಡುತ್ತಿದ್ದೆವು. ಕೋವಿಗೆ ಕೈ ದೊಡ್ಡದಾದರೆ ಏನೂ ತೊಂದರೆಯಿಲ್ಲ, ಭುಜಕ್ಕೆ ಕೂತರೆ ಆಯಿತು. ಪಿಸ್ತೂಲಿನಲ್ಲಿ ಹಾಗಲ್ಲ. ಎಲ್ಲವೂ ಅಂಗೈಯಲ್ಲೇ ನಿರ್ಧಾರ ಆಗುತ್ತದೆ. ಊರಲ್ಲಿ ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಬಿಡಿ, ಈ ಪಿಸ್ತೂಲುಗಳಿಗೆ ಹಾಕುವ 9 ಎಂಎಂ ಗುಂಡು ಅಲ್ಲಿ ನಿಷೇಧಿತ ಬೋರ್ (ಗುಂಡಿನ ಅಳತೆ), ಸಾಮಾನ್ಯರಿಗೆ ಲೈಸೆನ್ಸೇ ಸಿಗಲ್ಲ. ಇಲ್ಲಿ ಅಂಗಡಿಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಮೂವತ್ತು ಬಗೆ ಸಾಲಾಗಿ ಮಲಗಿರುತ್ತವೆ. ಯಾವುದು ಅಂತ ಆರಿಸೋದೇ ಕಷ್ಟ.

ಹೊಸದಾಗಿ ಬಂದವರಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿರುವವರು ಗೆಳೆಯರು ಕರೆದರು ಅಂತ ಅಂಗಡಿಗೆ ನುಗ್ಗಬೇಡಿ. ಗನ್ ಖರೀದಿಗೆ ತುಂಬುವ 4473 ಅನ್ನುವ ಫೆಡರಲ್ ಫಾರಂನಲ್ಲಿ ವೀಸಾ ಬಗ್ಗೆಯೇ ಪ್ರಶ್ನೆ ಇದೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಬಿಡಲ್ಲ. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ತಡೆದುಕೊಂಡೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಅರ್ಹರಾದವರಿಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಬೇಕಿಲ್ಲ. ಆದರೂ ನಾನು ಮಾಡಿಸಿದ್ದೇನೆ, ಬೇರೆ ರಾಜ್ಯಕ್ಕೆ ಹೋದಾಗ ಉಪಯೋಗಕ್ಕೆ ಬರುತ್ತೆ.

ಈಗ ವಿಷಯಕ್ಕೆ. ಮೊದಲು ಕೊಂಡಿದ್ದು ಆಗ ಎಲ್ಲರೂ ಹೊಗಳುತ್ತಿದ್ದ ಒಂದು ಪುಟ್ಟ ಗನ್. ಹೆಸರು ಬೇಡ, ಸಣ್ಣ ಕೈಯವರಿಗೆ ಅದು ಚೆನ್ನಾಗಿಯೇ ಇದೆ. ತೆರಿಗೆ ಸೇರಿ 500 ಡಾಲರ್ ದಾಟಿತು. ಮೊದಲ ದಿನವೇ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮದ ಮೇಲೆ ಬ್ಲೇಡಿನಲ್ಲಿ ಎಳೆದ ಹಾಗೆ ಎರಡು ಕೆಂಪು ಗೆರೆ, ಪಕ್ಕಪಕ್ಕದಲ್ಲಿ. ಗುಂಡು ಹಾರಿ ಗನ್ನಿನ ಮೇಲ್ಭಾಗ, ಅಂದರೆ ಸ್ಲೈಡ್, ಹಿಂದೆ ಬಂದಾಗ ಅದರ ತಳದ ಎರಡು ಅಂಚು ಸವರಿಕೊಂಡು ಹೋಗಿದ್ದವು. ಕೈ ಸ್ವಲ್ಪ ಕೆಳಗಿಳಿಸಿದರೆ ಗೆರೆ ಬೀಳಲ್ಲ, ಆದರೆ ಕಿರುಬೆರಳಿಗೆ ಜಾಗ ಇರಲ್ಲ, ಗನ್ ಕತ್ತೆಯ ಹಾಗೆ ಒದೆಯುತ್ತೆ. ತೋರುಬೆರಳು ಟ್ರಿಗರಿನ ಒಳಗೆ ಎರಡನೇ ಗೆಣ್ಣಿನವರೆಗೂ ಹೋಗಿಬಿಡುತ್ತಿತ್ತು. ಗುಂಡೆಲ್ಲ ಬಲಕ್ಕೆ.

ಎಲ್ಲರೂ ಮಾಡುವಂತೆ ನಾನೂ ಉದ್ದನೆ ತಳವಿರುವ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) ತಂದೆ. ಕಿರುಬೆರಳಿಗೆ ಜಾಗ ಸಿಕ್ಕಿತು. ಆದರೆ ಮ್ಯಾಗಜಿನ್ ಜೋರಾಗಿ ಹೊಡೆದು ಕೂರಿಸಿದಾಗ ಅಂಗೈ ಬುಡದ ಚರ್ಮ ಹಿಡಿ ಮತ್ತು ತಳದ ನಡುವೆ ಸಿಕ್ಕಿಕೊಳ್ಳುತ್ತಿತ್ತು. ರಕ್ತಗಟ್ಟಿ ನೀಲಿ ಚುಕ್ಕೆ. ಅದಾದ ಮೇಲೆ ಮ್ಯಾಗಜಿನ್ ಬದಲಿಸುವಾಗೆಲ್ಲ ಕೈ ತಾನಾಗಿ ಹಿಂಜರಿಯುವುದು ಶುರುವಾಯಿತು.

ಆಮೇಲೆ ಸೈಕಲ್ ಟ್ಯೂಬ್. ನಗಬೇಡಿ, ಇಲ್ಲಿನ ಹಳಬರು ಎಷ್ಟೋ ವರ್ಷದಿಂದ ಮಾಡುತ್ತಾರೆ. ಹಳೇ ಟ್ಯೂಬಿನಲ್ಲಿ ಮೂರು ಇಂಚಿನ ತುಂಡು ಕತ್ತರಿಸಿ, ಸೋಪು ನೀರು ಹಚ್ಚಿ ಹಿಡಿಯ ಮೇಲೆ ಏರಿಸಿದೆ. ಎರಡು ಡಾಲರೂ ಖರ್ಚಿಲ್ಲ. ಹಿಡಿ ದಪ್ಪ ಆಯಿತು, ಗುಂಡು ಬಲಕ್ಕೆ ಹೋಗೋದು ಅರ್ಧಕ್ಕರ್ಧ ಕಡಿಮೆಯಾಯಿತು! ನನ್ನ ತಲೆಯಲ್ಲಿ ಮೊದಲ ದೀಪ ಹತ್ತಿದ್ದು ಅಲ್ಲೇ. ಅಲ್ಲಿವರೆಗೆ ನನ್ನ ಕೈಗೆ ಹಿಡಿಯ ಉದ್ದ ಸಾಲದು ಅಂತಲೇ ನಂಬಿಕೊಂಡಿದ್ದೆ. ಉದ್ದವೂ ಸಾಲದು, ನಿಜ. ಆದರೆ ಜಾಸ್ತಿ ಕಾಡುತ್ತಿದ್ದದ್ದು ಸುತ್ತಳತೆ. ಟ್ಯೂಬ್ ಮಾತ್ರ ಬಾಳಲಿಲ್ಲ. ಟೆಕ್ಸಾಸಿನ ಆಗಸ್ಟ್ ಬಿಸಿಲಿಗೆ ಬೆವರು ಇಳಿದು ರಬ್ಬರ್ ತಿರುಗತೊಡಗಿತು, ಅಂಗಿ ಅದಕ್ಕೆ ಅಂಟಿಕೊಂಡು ಸೊಂಟದ ಹತ್ತಿರ ಗಂಟು ಕಟ್ಟಿದ ಹಾಗೆ ಕಾಣುತ್ತಿತ್ತು.

ಆ ಗನ್ನನ್ನು 300 ಚಿಲ್ಲರೆಗೆ ಮಾರಿದೆ. ಅದೇ ಹೊತ್ತಿಗೆ ಗುಂಡಿನ ಬೆಲೆ ಆಕಾಶಕ್ಕೇರಿತ್ತು. 2021ರಲ್ಲಿ 50 ಗುಂಡಿನ ಸಾದಾ ಡಬ್ಬಿಗೆ 30 ಡಾಲರ್ ಹತ್ತಿರ ಕೊಟ್ಟ ನೆನಪು, ಅದೂ ಒಬ್ಬರಿಗೆ ಎರಡೇ ಡಬ್ಬಿ ಅನ್ನುವ ಬೋರ್ಡಿನ ಕೆಳಗೆ ನಿಂತು. ರೇಂಜಿನಲ್ಲಿ ಬಾಡಿಗೆ ಗನ್ನಿಗೆ ಆಗ 15 ಡಾಲರ್ ಇತ್ತು. ಅಷ್ಟು ಕೊಟ್ಟರೆ ಬೇಕಾದಷ್ಟು ಬದಲಿಸಿಕೊಳ್ಳಬಹುದಿತ್ತು, ಆದರೆ ಗುಂಡು ಅವರದ್ದೇ ಕೊಳ್ಳಬೇಕಿತ್ತು. ಒಂದು ಶನಿವಾರಕ್ಕೆ 80 ಡಾಲರ್ ಹಾಗೇ ಹೋಗಿಬಿಡುತ್ತಿತ್ತು. ಹೆಂಡತಿ ಲೆಕ್ಕ ಕೇಳೋದು ಬಿಟ್ಟುಬಿಟ್ಟಳು. ಅದು ಒಳ್ಳೆಯ ಲಕ್ಷಣ ಅಲ್ಲ ಅಂತ ನನಗೂ ಗೊತ್ತಿತ್ತು.

ಆಗ ಹೊಳೆದದ್ದು ರಂಗೋಲಿ ಪುಡಿ.

ಗುಂಡು ಹಾರಿಸದೆ ಯಾವ ಹಿಡಿ ಕೂರುತ್ತೆ ಅಂತ ನೋಡಬೇಕಿತ್ತು. ಗೆಳೆಯರ ಹತ್ತಿರ ನಾಲ್ಕೈದು ಬಗೆ ಇದ್ದವು. ಒಂದು ಭಾನುವಾರ ಎಲ್ಲರದ್ದೂ ನಮ್ಮ ಮನೆ ಗರಾಜಿಗೆ ತರಿಸಿದೆ. ಗುಂಡುಗಳು ಆ ಕೋಣೆಯಲ್ಲೇ ಇರಲಿಲ್ಲ, ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಅಂತ ಇಬ್ಬರಿಬ್ಬರು ನೋಡಿ, ಸ್ಲೈಡನ್ನೂ ಕಳಚಿ ದೂರ ಇಟ್ಟೆವು. ಇದು ಮುಖ್ಯ, ರಂಗೋಲಿ ಪುಡಿ ಕಲ್ಲಿನ ಪುಡಿ, ಸ್ಲೈಡಿನೊಳಗೆ ಹೋದರೆ ಉಜ್ಜಿ ಹಾಕುತ್ತೆ. ಟ್ರಿಗರಿನ ಭಾಗಕ್ಕೂ ಪ್ಲಾಸ್ಟಿಕ್ ಮುಚ್ಚಿದ್ದೆ. ಬರೀ ಹಿಡಿ. ಎರಡೂ ಅಂಗೈಗೆ ತೆಳ್ಳಗೆ ಪುಡಿ ಬಳಿದುಕೊಂಡು, ಗುಂಡು ಹಾರಿಸುವಾಗ ಹಿಡಿಯುವ ಹಾಗೇ ಗಟ್ಟಿಯಾಗಿ ಹಿಡಿದು ಬಿಟ್ಟೆ. ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಅಂತ ಕಣ್ಣಿಗೆ ಕಾಣುತ್ತೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ಒಬ್ಬ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ.

ಆದರೆ ಕಂಡದ್ದು ನೋಡಿ. ತೆಳು ಹಿಡಿಯಲ್ಲಿ ನನ್ನ ಬಲಗೈ ಬೆರಳು ಪೂರ್ತಿ ಸುತ್ತು ಹಾಕಿ ಎಡಪಕ್ಕವನ್ನೆಲ್ಲ ತಾನೇ ತುಂಬಿಬಿಟ್ಟಿತ್ತು. ಎಡ ಅಂಗೈ ಗನ್ನನ್ನು ಮುಟ್ಟಿಯೇ ಇರಲಿಲ್ಲ, ಬಲಗೈ ಬೆರಳಿನ ಮೇಲೆ ಕೂತಿತ್ತು ಅಷ್ಟೇ. ಎರಡು ಕೈಯಲ್ಲಿ ಹಿಡಿದಿದ್ದೇನೆ ಅಂದುಕೊಂಡಿದ್ದೆ, ನಿಜಕ್ಕೂ ಹಿಡಿದಿದ್ದು ಒಂದೇ ಕೈ! ಹಿಡಿಯ ಬೆನ್ನಿಗೆ ಕೂರುವ, ಬದಲಿಸಬಹುದಾದ ಹಿಂದಿನ ಪಟ್ಟಿ ದಪ್ಪನೆಯದು ಹಾಕಿದಾಗ ಬಲಗೈ ಬೆರಳ ತುದಿ ಹಿಂದೆ ಸರಿಯಿತು, ಎಡಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಖಾಲಿ ಆಯಿತು. ಅಲ್ಲಿ ಎಡ ಅಂಗೈಯ ಬಿಳಿ ಮಚ್ಚೆ. ಆ ಮಚ್ಚೆ ಎಷ್ಟು ದೊಡ್ಡದೋ ಅಷ್ಟು ಹತೋಟಿ, ಇದು ನನ್ನ ಲೆಕ್ಕ.

ಅಲ್ಲಿಂದ ಮುಂದೆ ನಾನು ಗನ್ನಿನ ಸೈಜ್ ನೋಡೋದೇ ಬಿಟ್ಟೆ, ಹಿಂದಿನ ಪಟ್ಟಿ ಬದಲಿಸಲು ಬರುತ್ತಾ ಅಂತ ಮಾತ್ರ ನೋಡಿದೆ. ಗ್ಲಾಕ್ 19ರಲ್ಲಿ ಬರುತ್ತೆ, 4 ಮಿಲಿಮೀಟರ್‌ವರೆಗೆ ಹಿಂದೆ ಸೇರಿಸಬಹುದು. 2017ರ ಐದನೇ ತಲೆಮಾರಿನಲ್ಲಿ ಮುಂದಿನ ಬೆರಳಿನ ತಗ್ಗುಗಳನ್ನೂ ತೆಗೆದರು, ದೊಡ್ಡ ಕೈಗೆ ಅದು ಒಳ್ಳೆಯದೇ ಆಯಿತು. ಎಚ್‌ಕೆ ವಿಪಿ9ರಲ್ಲಿ ಹಿಂದಿನದ್ದು ಮೂರು, ಪಕ್ಕದವು ಆರು, ಅದಲು ಬದಲು ಮಾಡಿದರೆ 27 ಬಗೆಯ ಹಿಡಿ. ಅಂಗೈಗೆ ಅದರಷ್ಟು ಹಿತವಾದದ್ದು ನಾನು ಕಂಡಿಲ್ಲ. ಆದರೆ ಅದು ಹೆಚ್ಚುಕಡಿಮೆ ಫುಲ್ ಸೈಜೇ, ಬೆಲೆಯೂ ನನ್ನ ಲೆಕ್ಕ ಮೀರಿತ್ತು.

ಕೊನೆಗೆ ನಿಂತದ್ದು ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 2.0 ಕಾಂಪ್ಯಾಕ್ಟ್. 4 ಇಂಚಿನ ನಳಿಗೆ, 15 ಗುಂಡು, ಪೆಟ್ಟಿಗೆಯಲ್ಲೇ ನಾಲ್ಕು ಅಳತೆಯ ಹಿಂಪಟ್ಟಿ: ಎಸ್, ಎಂ, ಎಂಎಲ್, ಎಲ್. ಈ ಪಟ್ಟಿಗಳು ಬೆನ್ನಿಗಷ್ಟೇ ಅಲ್ಲ, ಪಕ್ಕಕ್ಕೂ ಉಬ್ಬಿಕೊಂಡು ಬರುತ್ತವೆ, ನನಗೆ ಬೇಕಾದದ್ದೂ ಅದೇ. ಹಿಡಿಯ ಕೆಳಗಿನ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಎಳೆದರೆ ಪಟ್ಟಿ ಕೈಗೆ ಬರುತ್ತೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಎಂ ಹಾಕಿ ಇಟ್ಟಿರುತ್ತಾರೆ. ದೊಡ್ಡ ಕೈಯವರು ಅದನ್ನೇ ಹಿಡಿದು ನೋಡಿ, ತಲೆಯಾಡಿಸಿ ವಾಪಸ್ ಇಟ್ಟು ಹೋಗುತ್ತಾರೆ. ಎಲ್ ಹಾಕಿ ಕೊಡಿ ಅಂತ ಕೇಳಿ, ನಾಚಿಕೆ ಬೇಡ. ನನಗೆ ಹಾಕಿಕೊಡಲು ಅಂಗಡಿಯವನು ಮುಖ ಸಿಂಡರಿಸಿದ, ನಾನು ಹಾಕಿಸಿಕೊಂಡೇ ನೋಡಿದೆ.

ಎಲ್ ಹಾಕಿದ ಮೇಲೆ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿನ ನಡುವೆಯೇ ಕೂತಿತು. ಕಿರುಬೆರಳು ಹಿಡಿಯ ಮೇಲೇ, ಅಂಚಿನಲ್ಲಿ. ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಇದನ್ನು ಯಾರೂ ಹೇಳಲ್ಲ. ಕೈ ದೊಡ್ಡದಿದ್ದರೆ ಹೆಬ್ಬೆರಳು ಸ್ಲೈಡ್ ತಡೆಯುವ ಕೀಲಿಯ ಮೇಲೆ ಒತ್ತಿಕೊಂಡಿರುತ್ತೆ. ಕೊನೇ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆಯೇ ನಿಂತು ಗನ್ ಖಾಲಿ ಅಂತ ತೋರಿಸಬೇಕು, ಆಗ ಅದು ನಿಲ್ಲಲ್ಲ, ಖಾಲಿ ಗನ್ ತುಂಬಿದೆ ಅಂತ ಅಂದುಕೊಂಡು ಮತ್ತೆ ಟ್ರಿಗರ್ ಒತ್ತುತ್ತೀರಿ, ಕ್ಲಿಕ್. ಗನ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರನ್ನೂ ಕಂಡಿದ್ದೇನೆ. ಹಾಗಾಗಿ ಬಾಡಿಗೆ ಗನ್ನಿನಲ್ಲಿ ಡಬ್ಬಿಗಟ್ಟಲೆ ಸುಡಬೇಡಿ. ಮ್ಯಾಗಜಿನ್‌ಗೆ ಎರಡೇ ಗುಂಡು ಹಾಕಿ ಹಾರಿಸಿ, ಸ್ಲೈಡ್ ನಿಂತಿತಾ ನೋಡಿ, ಮತ್ತೆ ಎರಡು. ಒಂದು ಡಬ್ಬಿಯಲ್ಲಿ ಸತ್ಯ ಗೊತ್ತಾಗುತ್ತೆ. ಇದರಲ್ಲಿ ನನಗೆ ಪ್ರತಿ ಸಲವೂ ನಿಂತಿತು.

ತೆರಿಗೆ ಸೇರಿ 550 ಡಾಲರ್ ಆಸುಪಾಸು. ಅದಕ್ಕೂ ಮುಂಚೆ ಕೈಬಿಟ್ಟದ್ದು ಲೆಕ್ಕ ಹಾಕಿದರೆ ಮೊದಲ ಗನ್ನಿನ ನಷ್ಟ 180ರಿಂದ 200, ಮ್ಯಾಗಜಿನ್ ತಳ, ಟೇಪು, ಹಿಡಿಗೆ ಹಾಕುವ ರಬ್ಬರ್ ಕವಚ ಇತ್ಯಾದಿ 100 ದಾಟಿತು, ಗನ್ ಸಿಕ್ಕಿಸಿಕೊಳ್ಳುವ ಹೋಲ್‌ಸ್ಟರ್‌ಗಳು ಒಂದು ಡ್ರಾಯರ್ ತುಂಬ. ಗುಂಡಿನ ಖರ್ಚು ಹೇಳಲ್ಲ, ಹೆಂಡತಿಯೂ ಓದುತ್ತಾಳೆ.

ಹಿಡಿಯ ಮೈ ಮರಳು ಕಾಗದದ ಹಾಗೆ ತರಿತರಿ. ಬೆವರು ಕೈಗೆ ಅದು ವರ, ಒಳ ಅಂಗಿಗೆ ಶಾಪ. ನಾನು ಒಂದು ಚಿಕ್ಕ ಜಾಗದಲ್ಲಿ ಮಾತ್ರ ನಯ ಮಾಡಿ, ಇನ್ನೊಂದು ಜಾಗದಲ್ಲಿ ಟೇಪ್ ತುಂಡು ಅಂಟಿಸಿದ್ದೇನೆ. ಎಲ್ಲಿ ಅಂತ ಇಲ್ಲಿ ಬರೆಯಲ್ಲ. ಎಷ್ಟೋ ವಾರಾಂತ್ಯ ಹಾಳು ಮಾಡಿಕೊಂಡು ಕಂಡುಕೊಂಡದ್ದು, ರಂಗೋಲಿ ಪುಡಿ ಹಾಕಿ ನೋಡಿದವರಿಗೆ ತಾನಾಗಿ ಗೊತ್ತಾಗುತ್ತೆ.

ಮುಚ್ಚಿಡುವ ವಿಚಾರ. ಅಂಗಿಯ ಹೊರಗೆ ಎದ್ದು ಕಾಣೋದು ಹಿಡಿ, ನಳಿಗೆ ಅಲ್ಲ. ನಳಿಗೆ ಪ್ಯಾಂಟಿನೊಳಗೆ ಎಷ್ಟುದ್ದ ಇದ್ದರೂ ಯಾರಿಗೂ ಕಾಣಲ್ಲ. ಹಾಗಾಗಿ ದೊಡ್ಡ ಕೈಗೆ ಬೇಕಾದ ಹಿಡಿಯೇ ಮುಚ್ಚಿಡಲು ಕಷ್ಟ ಅನ್ನುವ ವಾದ ಸರಿ. ಆದರೆ ಕೈ ದೊಡ್ಡದಿರುವವರ ಮೈಯೂ ಸಾಮಾನ್ಯವಾಗಿ ದೊಡ್ಡದೇ ಅಲ್ವಾ? ಆರಡಿ ಎರಡಂಗುಲದ ನನ್ನ ಮೈಗೆ ಹಿಡಿಯ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿಯುವ ಚಿಕ್ಕ ರೆಕ್ಕೆ ಇರುವ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಸಾಕಾಯಿತು. ಇಳಿಬಿಟ್ಟ ಅಂಗಿ, ಗೆರೆಗೆರೆ ಇದ್ದರೆ ಇನ್ನೂ ಒಳ್ಳೆಯದು. ದೇವಸ್ಥಾನಕ್ಕೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗುವಾಗ ಮನೆಯ ಸೇಫಿನಲ್ಲೇ ಬಿಟ್ಟು ಹೋಗುತ್ತೇನೆ. ಮನೆಯಲ್ಲಿ ಮಕ್ಕಳಿದ್ದರೆ ಸೇಫ್ ಬೇಕೇ ಬೇಕು. ಭದ್ರವಾಗಿ ಇಡದೆ 17ರ ಒಳಗಿನವರ ಕೈಗೆ ತುಂಬಿದ ಗನ್ ಸಿಕ್ಕಿದರೆ ಟೆಕ್ಸಾಸಿನಲ್ಲಿ ಅದೇ ಅಪರಾಧ.

ಗುಂಡಿನ ಗುಂಪು ಈಗ 10 ಗಜದಲ್ಲಿ ಮೂರಿಂಚಿನ ಒಳಗೆ, ನಿಧಾನಕ್ಕೆ ಹೊಡೆದರೆ ಎರಡು. ವಿಡಿಯೋ ಮಾಡಿದ್ದ ಆ ಗೆಳೆಯ ಹೋದ ತಿಂಗಳು ತನ್ನ ಗನ್ ತಂದು "ಪುಡಿ ಇದೆಯಾ" ಅಂದ. ಅವನದ್ದು ನನಗೆ ತಿರುವುಮುರುವು, ಗಿಡ್ಡ ಬೆರಳು, ಎಸ್ ಪಟ್ಟಿ ಹಾಕಿದ ಮೇಲೆ ಎಡಕ್ಕೆ ಹೋಗುತ್ತಿದ್ದ ಗುಂಡು ನಡುವೆ ಬಂತು.

ಈಗ 115 ಗ್ರೇನ್ (ಗುಂಡಿನ ತೂಕದ ಅಳತೆ) ಬಿಟ್ಟು 147 ಗ್ರೇನಿನ ಭಾರದ ಗುಂಡು ಹಾಕಿ ನೋಡುತ್ತಿದ್ದೇನೆ. ಒದೆತ ಕಡಿಮೆ ಅನ್ನೋದಕ್ಕಿಂತ ನಿಧಾನಕ್ಕೆ ತಳ್ಳಿದ ಹಾಗೆ ಅನ್ನಿಸುತ್ತೆ, ಆದರೆ ಡಬ್ಬಿಗೆ ನಾಲ್ಕೈದು ಡಾಲರ್ ಜಾಸ್ತಿ. ಫುಲ್ ಸೈಜಿನ 17 ಗುಂಡಿನ ಮ್ಯಾಗಜಿನ್ ಇದಕ್ಕೂ ಹೊಂದುತ್ತೆ, ರೇಂಜಿಗೆ ಅದನ್ನೇ ಒಯ್ಯುತ್ತೇನೆ. ಹಿಡಿಯ ಕೆಳಗೆ ಉಳಿಯುವ ಸಂದಿಗೆ ಚಿಕ್ಕ ಕವಚ (ಸ್ಲೀವ್) ಹಾಕಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಅಂಗೈ ಸಿಕ್ಕಿಕೊಳ್ಳುತ್ತೆ.